ನಿವೃತ್ತ ಅಗ್ನಿಶಾಮಕರೊಬ್ಬರ ನೆನಪಿನ ಪುಸ್ತಿಕೆ: ಏನು ಬರೆಯಬೇಕು, ದಾಖಲೆ ಎಲ್ಲಿ ಸಿಗುತ್ತೆ?

ಹಾಸನದ_ಅಳಿಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ಗೆ ನಮ್ಮ ಮಾವನವರು ತೀರಿಕೊಂಡು ವರ್ಷ ತುಂಬುತ್ತದೆ. ಪ್ರಥಮ ವರ್ಷದ ಪುಣ್ಯಸ್ಮರಣೆಗೆ ಬಂದವರ ಕೈಗೆ ಒಂದು ಸಣ್ಣ ಪುಸ್ತಿಕೆ ಕೊಡಬೇಕು ಅನ್ನುವುದು ಅತ್ತೆಯವರ ಆಸೆ. ಪೇಪರಿಗೂ ಒಂದು ಶ್ರದ್ಧಾಂಜಲಿ ಹಾಕಿಸಬೇಕು.

ಗೊತ್ತಿರುವುದು ಇಷ್ಟು. ಎಸ್ಸೆಸ್ಸೆಲ್ಸಿ ಪ್ರಕಾರ ಹುಟ್ಟಿದ್ದು 1-6-1955. 1980ರಲ್ಲಿ ಅಗ್ನಿಶಾಮಕರಾಗಿ ಸೇರಿದ್ದು, ತರಬೇತಿ ಬೆಂಗಳೂರಿನಲ್ಲಿ. ಆಮೇಲೆ ಹಾಸನ, 1986ರಿಂದ 91ರವರೆಗೆ ಮೈಸೂರು, ನಂತರ ಸಕಲೇಶಪುರ, ಕೊನೆಗೆ ಮತ್ತೆ ಹಾಸನ. ಪ್ರಮುಖ ಅಗ್ನಿಶಾಮಕರಾಗಿ ನಿವೃತ್ತಿ. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಬೀರುವಿನಲ್ಲಿ ಒಂದು ಪದಕ ಇದೆ, ಯಾವುದಕ್ಕೆ ಕೊಟ್ಟದ್ದು ಅಂತ ಯಾರಿಗೂ ಖಚಿತವಿಲ್ಲ. ಮನೆಯಲ್ಲಿ ಕೆಲಸದ ವಿಷಯ ಮಾತಾಡಿದವರೇ ಅಲ್ಲ. ಮಾತಾಡದೆ ಮಾಡುತ್ತಿದ್ದ ಕೆಲಸಗಳು ಮಾತ್ರ ಎಲ್ಲರಿಗೂ ನೆನಪಿವೆ. ರಾತ್ರಿ ಮಲಗುವ ಮುಂಚೆ ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡುವುದು, ಮದುವೆ ಮನೆಗೆ ಹೋದರೆ ಮೊದಲು ಹಿಂದಿನ ಬಾಗಿಲು ಎಲ್ಲಿದೆ ಅಂತ ಹುಡುಕುವುದು, ಇಂಥವು.

ವೀನಸ್ ಸರ್ಕಸ್ ಬೆಂಕಿ ಆರಿಸಲು ಹೋಗಿದ್ದರು ಅಂತ ದೊಡ್ಡ ಮಾವ ಹೇಳುತ್ತಾರೆ. ಪ್ರೀಮಿಯರ್ ಸ್ಟುಡಿಯೋಗೂ ಹೋಗಿದ್ದರಂತೆ. ಇದನ್ನೆಲ್ಲ ಬರೆಯಬಹುದಾ? ಸೇವಾ ವಿವರ ಎಲ್ಲಿ ಸಿಗುತ್ತದೆ? ನಮ್ಮಲ್ಲಿ ಯಾರೂ ಬರವಣಿಗೆಯವರಲ್ಲ. ಎಷ್ಟು ಪುಟ, ಯಾವ ಸೈಜು, ಪ್ರೆಸ್ಸಿನವರಿಗೆ ಏನು ಕೊಡಬೇಕು ಅನ್ನುವುದನ್ನೂ ತಿಳಿಸಿ.

ಪಂಪ್_ಡ್ರಿಲ್ ಉತ್ತರ:

ಬರವಣಿಗೆ ಬಗ್ಗೆ ಬೇರೆಯವರು ಹೇಳಲಿ. ಕೆಲಸದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಇಂಥ ಪುಸ್ತಿಕೆಗಳಲ್ಲಿ ಎಡವುವುದೇ ಅಲ್ಲಿ. "ಧಗಧಗಿಸುವ ಜ್ವಾಲೆಗಳ ನಡುವೆ ಪ್ರಾಣ ಪಣಕ್ಕಿಟ್ಟ ಧೀರ" ಅಂತ ಬರೆದರೆ ಆ ಸಾಲು ರಾಜ್ಯದ ಯಾವ ಅಗ್ನಿಶಾಮಕನಿಗೂ ಹೊಂದುತ್ತದೆ. ನಿಮ್ಮ ಮಾವನವರು ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಮೊದಲು ಹುದ್ದೆ. ಪ್ರಮುಖ ಅಗ್ನಿಶಾಮಕ ಅಂದರೆ ಕರೆಗೆ ಹೊರಟ ಗಾಡಿಯ ಸಿಬ್ಬಂದಿಯನ್ನು ನಡೆಸುವವರು. ಠಾಣಾಧಿಕಾರಿಯೋ ಸಹಾಯಕ ಠಾಣಾಧಿಕಾರಿಯೋ ಜೊತೆಗೆ ಬರದಿದ್ದರೆ ಸ್ಥಳದಲ್ಲಿ ತೀರ್ಮಾನ ಇವರದೇ: ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೋಸ್ ಹಾಕಬೇಕು, ಯಾರು ಒಳಗೆ ಹೋಗಬೇಕು, ಇನ್ನೊಂದು ಗಾಡಿ ಕರೆಸಬೇಕಾ. ಆದ್ದರಿಂದ ಅವರು ಯಾವ ವರ್ಷದವರೆಗೆ ಬ್ರಾಂಚ್ (ಹೋಸಿನ ತುದಿಯ, ನೀರು ಚಿಮ್ಮುವ ನಳಿಕೆ) ಹಿಡಿದವರು, ಯಾವ ವರ್ಷದಿಂದ ಹಿಡಿಸಿದವರು ಅನ್ನುವುದನ್ನು ಬೇರೆ ಮಾಡಿ ಬರೆಯಿರಿ. ಬಡ್ತಿಯ ತಾರೀಕು ಸಿಕ್ಕರೆ ಸಾಕು, ಅದು ತಾನಾಗಿ ಬೇರೆಯಾಗುತ್ತದೆ.

ಎರಡನೆಯದು ನೀರು. ಹೊರಗಿನವರಿಗೆ ಈ ಕೆಲಸದ ಒತ್ತಡ ತಿಳಿಯಬೇಕಾದರೆ ಒಂದೇ ಲೆಕ್ಕ ಕೊಡಿ. ಸಾಮಾನ್ಯ ಜಲವಾಹನದ ಟ್ಯಾಂಕು 4,500 ಲೀಟರ್. ಒಂದು ಬ್ರಾಂಚಿನಿಂದ ನಿಮಿಷಕ್ಕೆ ಸುಮಾರು 450 ಲೀಟರ್ ಹೋದರೆ ಟ್ಯಾಂಕು 10 ನಿಮಿಷಕ್ಕೆ ಖಾಲಿ. ಎರಡು ಬ್ರಾಂಚ್ ಬಿಟ್ಟರೆ 5 ನಿಮಿಷ. ಅಷ್ಟರೊಳಗೆ ಕೆರೆಯೋ ಬಾವಿಯೋ ಹುಡುಕಿ ನೀರು ಎಳೆಯುವ ಸಕ್ಷನ್ ಹೋಸ್ ಇಳಿಸಬೇಕು. ನೀರು ಪಂಪಿನಿಂದ 7 ಮೀಟರಿಗಿಂತ ಆಳದಲ್ಲಿದ್ದರೆ ಎಳೆಯುವುದು ಕಷ್ಟ. ಲೆಕ್ಕದ ಪ್ರಕಾರ 10 ಮೀಟರ್ ಬರಬೇಕು, ಆದರೆ ಪಂಪು, ಜಾಯಿಂಟು ಎಲ್ಲ ಸೇರಿ ಅಷ್ಟು ನಿರ್ವಾತ ನಿಲ್ಲುವುದಿಲ್ಲ. ಎಷ್ಟೋ ಸಲ ಪ್ರೈಮಿಂಗ್ (ಗಾಳಿ ತೆಗೆದು ಪಂಪಿಗೆ ನೀರು ಏರಿಸುವುದು) ಹಿಡಿಯದೇ ಇರುವುದಕ್ಕೆ ಕಾರಣ ಹೋಸ್ ಜೋಡಿಸುವ ಕಪ್ಲಿಂಗ್ ಒಳಗಿನ ರಬ್ಬರ್ ವಾಷರ್. ಒಣಗಿ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಬಿದ್ದೇ ಹೋಗಿರುತ್ತದೆ. ಗಾಳಿ ಒಳಗೆ ಬರುತ್ತದೆ, ನೀರು ಮೇಲೇರುವುದಿಲ್ಲ. ಇನ್ನೊಂದು, ತುದಿಯ ಜಾಲರಿ ನೀರಿನ ಮಟ್ಟಕ್ಕಿಂತ ಸಾಕಷ್ಟು ಕೆಳಗಿರದಿದ್ದರೆ ಸುಳಿ ಎದ್ದು ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಬೆಳಗಿನ ಪರೇಡ್ ಮುಗಿದ ಮೇಲೆ ಒಂದೊಂದು ಕಪ್ಲಿಂಗಿನ ಒಳಗೆ ಬೆರಳು ಹಾಕಿ ವಾಷರ್ ನೋಡುವ ಅಭ್ಯಾಸ ಇದ್ದವರು, ಮನೆಗೆ ಬಂದು ರೆಗ್ಯುಲೇಟರ್ ಮುಟ್ಟಿ ನೋಡಿದರೆ ಆಶ್ಚರ್ಯವಿಲ್ಲ. ಈ ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಡಿ. ವಿವರಣೆ ಬೇಡ, ಓದುವವರೇ ಜೋಡಿಸಿಕೊಳ್ಳುತ್ತಾರೆ.

ಮೂರನೆಯದು, ಬೆಂಕಿಯೊಂದೇ ಅಲ್ಲ. ಹಾಸನ, ಸಕಲೇಶಪುರ ಅಂದರೆ ಬಾವಿಗೆ ಬಿದ್ದ ದನ, ಹೊಳೆಯಲ್ಲಿ ಕೊಚ್ಚಿಹೋದವರು, ಶಿರಾಡಿ ಘಾಟಿಯಲ್ಲಿ ಮಗುಚಿದ ಟ್ಯಾಂಕರ್, ರಸ್ತೆಗೆ ಅಡ್ಡಬಿದ್ದ ಮರ, ಬೇಸಿಗೆಯಲ್ಲಿ ಹುಲ್ಲಿನ ಬಣವೆ. ಬಣವೆ ಬೆಂಕಿಯಲ್ಲಿ ಶೌರ್ಯಕ್ಕಿಂತ ತಾಳ್ಮೆ ಬೇಕು. ಮೇಲಿಂದ ಎಷ್ಟು ನೀರು ಹೊಡೆದರೂ ಒತ್ತಾಗಿ ಒಟ್ಟಿದ ಹುಲ್ಲಿನ ಮೇಲೆ ಜಾರಿ ಕೆಳಗೆ ಬರುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಕೊಕ್ಕೆ ಹಾಕಿ ಬಣವೆ ಕೀಳಬೇಕು, ಬಿಡಿಸಿ ಹರಡಬೇಕು, ಹರಡಿದ್ದನ್ನು ನೆನೆಸಬೇಕು. ಗಂಟೆಗಟ್ಟಲೆ ಕೆಲಸ. ಅರ್ಧಕ್ಕೆ ಬಿಟ್ಟು ಬಂದರೆ ರಾತ್ರಿ ಗಾಳಿಗೆ ಮತ್ತೆ ಹೊತ್ತಿಕೊಂಡು ಅದೇ ಊರಿಂದ ಎರಡನೇ ಕರೆ ಬರುತ್ತದೆ. ಅಂಥ ರಾತ್ರಿ ಮುಗಿಸಿ ಮನೆಗೆ ಬಂದವರ ಮೈಮೇಲೆ ಹೊಗೆ ವಾಸನೆ, ಕಿವಿ ಮೂಗಿನಲ್ಲೆಲ್ಲ ಹುಲ್ಲಿನ ಧೂಳು. ಅತ್ತೆಯವರನ್ನು ಕೇಳಿ, ಇದು ಅವರಿಗೆ ಖಂಡಿತ ನೆನಪಿರುತ್ತದೆ.

ಬಾವಿ ಕರೆಗಳ ಬಗ್ಗೆ ಹಳೇ ಸಹೋದ್ಯೋಗಿಗಳನ್ನು ಕೇಳುವಾಗ ಕುರ್ಚಿ ಗಂಟಿನ ವಿಷಯ ತೆಗೆಯಿರಿ, ತಾವಾಗಿಯೇ ಮಾತು ಬಿಚ್ಚುತ್ತಾರೆ. ಹಗ್ಗದ ನಡುವೆ ಎರಡು ಕುಣಿಕೆ ಮಾಡಿ, ಎರಡಕ್ಕೂ ಅರ್ಧ ಗಂಟು ಹಾಕಿ ಬಿಗಿಯುವುದು. ದೊಡ್ಡದು ಮೊಣಕಾಲಿನ ಹಿಂದೆ, ಚಿಕ್ಕದು ಕಂಕುಳ ಕೆಳಗೆ. ಹಗ್ಗದ ಒಂದು ತುದಿ ಎತ್ತಲಿಕ್ಕೆ ಅಥವಾ ಇಳಿಸಲಿಕ್ಕೆ, ಇನ್ನೊಂದು ತುದಿ ಗೋಡೆಗೆ ಬಡಿಯದ ಹಾಗೆ ಎಳೆದು ಹಿಡಿಯಲಿಕ್ಕೆ. ಅರ್ಧ ಗಂಟು ಸಡಿಲವಾಗಿದ್ದರೆ ಭಾರ ಬಿದ್ದಾಗ ಕುಣಿಕೆ ಬಿಗಿದು ಎದೆ ಒತ್ತುತ್ತದೆ. ಪಾಳುಬಾವಿಯಾದರೆ ಇಳಿಯುವ ಮುಂಚೆ ಗಾಳಿಯ ಯೋಚನೆ, ಆಮ್ಲಜನಕ ಇಲ್ಲದೆ ಒಬ್ಬರ ಹಿಂದೆ ಒಬ್ಬರು ಕುಸಿಯುವುದು ಅಲ್ಲೇ. ಈಗ ಉಸಿರಾಟದ ಸೆಟ್ ಇದೆ: 6 ಲೀಟರ್ ಸಿಲಿಂಡರು, 300 ಬಾರ್ ಒತ್ತಡ, ಅಂದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರಿನಂತೆ 45 ನಿಮಿಷ ಅಂತ ಲೆಕ್ಕ, ಗಾಳಿ ಮುಗಿಯುತ್ತಿದೆ ಅಂತ ಸೆಟ್ಟಿನ ಸೀಟಿ ಹೊಡೆಯುವ ಮುಂಚೆ ಸಿಗುವುದು 35ರ ಆಸುಪಾಸು. ನಿಮ್ಮ ಮಾವನವರ ಠಾಣೆಗೆ ಅದು ಯಾವ ವರ್ಷ ಬಂತು ಅಂತ ಕೇಳಿ ಬರೆದರೆ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು ಅನ್ನುವ ಪ್ರಶ್ನೆಗೂ ಉತ್ತರ ಬರುತ್ತದೆ.

ಸಹೋದ್ಯೋಗಿಗಳಿಗೆ "ಅವರ ಧೈರ್ಯದ ಬಗ್ಗೆ ಹೇಳಿ" ಅನ್ನಬೇಡಿ. "ತುಂಬಾ ಒಳ್ಳೇ ಮನುಷ್ಯ" ಅಂತ ಹೇಳಿ ಸುಮ್ಮನಾಗುತ್ತಾರೆ. ಪಂಪಿನ ಮೇಲೆ ಯಾರು ನಿಂತಿದ್ದರು, ನೀರು ಎಲ್ಲಿಂದ ತಂದಿರಿ, ಕರೆ ತೆಗೆದುಕೊಳ್ಳುವ ವಾಚ್ ರೂಮಿನಲ್ಲಿ ಅವತ್ತು ಯಾರಿದ್ದರು, ವಾಪಸ್ ಬಂದಾಗ ಎಷ್ಟು ಗಂಟೆ ಅಂತ ಕೇಳಿ.

ಒಂದು ಎಚ್ಚರಿಕೆ: "ಹುತಾತ್ಮ" ಪದ ಹಾಕಬೇಡಿ. ಇಲಾಖೆಯಲ್ಲಿ ಅದು ಕರ್ತವ್ಯದಲ್ಲಿ ಮಡಿದವರಿಗೆ ಮೀಸಲು.

ಕಡತ_ಶಾಖೆ ಉತ್ತರ:

ದಾಖಲೆಗಳ ವಿಷಯ.

ಮುಖ್ಯವಾದದ್ದು ಸೇವಾ ಪುಸ್ತಕ, ಎಸ್.ಆರ್. ನೇಮಕ, ವರ್ಗಾವಣೆ, ಬಡ್ತಿ, ವೇತನ ನಿಗದಿ, ಗಳಿಕೆ ರಜೆ ಲೆಕ್ಕ, ಬಹುಮಾನ, ಪ್ರಶಂಸೆ, ದಂಡನೆ ಎಲ್ಲ ಅದರಲ್ಲೇ. ಪಿಂಚಣಿ ಕಾಗದಗಳ ಜೊತೆ ಎ.ಜಿ. (ಮಹಾಲೇಖಪಾಲರ) ಕಚೇರಿಗೆ ಹೋಗಿ ಬಂದ ಮೇಲೆ ನಿವೃತ್ತಿಯಾದ ಕಚೇರಿಯಲ್ಲಿ ಇರುತ್ತದೆ. ನಿಮ್ಮ ಸಂದರ್ಭದಲ್ಲಿ ಹಾಸನದ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಅತ್ತೆಯವರ ಹೆಸರಲ್ಲೇ ಇರಲಿ, ಅಳಿಯನ ಹೆಸರಲ್ಲಿ ಬೇಡ. ಜೊತೆಗೆ ಮರಣ ಪ್ರಮಾಣಪತ್ರದ ನಕಲು, ಪಿ.ಪಿ.ಓ. (ಪಿಂಚಣಿ ಪಾವತಿ ಆದೇಶ) ನಕಲು, ಅತ್ತೆಯವರ ಆಧಾರ್. ಅರ್ಜಿಯಲ್ಲಿ ಅವರ ಪೂರ್ತಿ ಹೆಸರು, ಹುದ್ದೆ, ನಿವೃತ್ತಿ ದಿನಾಂಕ, ಬ್ಯಾಡ್ಜ್ ನಂಬರ್ ಗೊತ್ತಿದ್ದರೆ ಅದೂ ಇರಲಿ. "ಸಂಪೂರ್ಣ ಎಸ್.ಆರ್. ಕೊಡಿ" ಅಂತ ಕೇಳಿದರೆ ಕಡತ ಮೇಜಿಂದ ಮೇಜಿಗೆ ಓಡಾಡುತ್ತದೆ. "ನೇಮಕಾತಿ, ವರ್ಗಾವಣೆ, ಬಡ್ತಿ ಹಾಗೂ ಬಹುಮಾನದ ನಮೂದುಗಳಿರುವ ಪುಟಗಳ ಮತ್ತು ರಜೆ ಲೆಕ್ಕದ ನಕಲು" ಅಂತ ಖಚಿತವಾಗಿ ಕೇಳಿ.

ಮಾಹಿತಿ ಹಕ್ಕು ಎರಡನೇ ದಾರಿಯಾಗಿರಲಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಇದನ್ನು ಮೀರಿ ವಾಪಸ್ ಬಂದ ಅರ್ಜಿಗಳೇ ಹೆಚ್ಚು. ಮೇಲಾಗಿ ಸೇವಾ ದಾಖಲೆ ವೈಯಕ್ತಿಕ ಮಾಹಿತಿ ಅಂತ ನಿರಾಕರಿಸಲು ಅವಕಾಶವಿದೆ. ಹೆಂಡತಿಯ ಸಾದಾ ಅರ್ಜಿಗೆ ಆ ತೊಡಕು ಕಡಿಮೆ.

ಎಸ್.ಆರ್. ನೋಡಿದ ಕೂಡಲೇ ಮೂರು ತಾರೀಕು ತಾಳೆ ಹಾಕಿ. ಹುಟ್ಟಿದ ದಿನ 1-6-1955 ಅಂತಿದೆ. ಜೂನ್ 1 ಅಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕಿರಬಹುದು. ನಿಜವಾದದ್ದು ಜಾತಕದಲ್ಲೋ ಹಿರಿಯರ ಬಾಯಲ್ಲೋ ಇದ್ದರೆ ಪುಸ್ತಿಕೆಯಲ್ಲಿ ಅದನ್ನೇ ಹಾಕಿ, ತಪ್ಪಿಲ್ಲ. ನಿವೃತ್ತಿಗೆ ಮಾತ್ರ ಎಸ್ಸೆಸ್ಸೆಲ್ಸಿ ತಾರೀಕೇ ಲೆಕ್ಕ. ರಾಜ್ಯದಲ್ಲಿ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು, ಹಾಗಾಗಿ ಇವರಿಗೆ 60. ಹುಟ್ಟಿದ ತಿಂಗಳ ಕೊನೆಯ ದಿನ ನಿವೃತ್ತಿ, ಆದರೆ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಅಂದರೆ 31-5-2015. ಮನೆಯವರು "ಜೂನ್‌ನಲ್ಲಿ ರಿಟೈರ್ ಆದರು" ಅಂತ ಬರೆದಿದ್ದರೆ ತಿದ್ದಿ, ಸಹೋದ್ಯೋಗಿಗಳು ಮೊದಲು ಹಿಡಿಯುವ ತಪ್ಪು ಅದೇ.

ಯಾವ ಬೆಂಕಿಗೆ ಹೋಗಿದ್ದರು ಅನ್ನುವುದು ಎಸ್.ಆರ್.ನಲ್ಲಿ ಇರುವುದಿಲ್ಲ. ಅದು ಠಾಣೆಯ ದಿನವಹಿಯಲ್ಲಿ, ಬೆಂಕಿ ವರದಿಯಲ್ಲಿ. ಹಳೆಯವು ಅವಧಿ ಮುಗಿದ ಮೇಲೆ ವಿಲೇವಾರಿ ಆಗಿರುತ್ತವೆ, ಅವನ್ನೇ ನಂಬಿ ಕೂರಬೇಡಿ. ಪ್ರಶಂಸಾಪತ್ರದಲ್ಲಿ ಘಟನೆಯ ಹೆಸರು, ದಿನ ಇರುವುದುಂಟು, ಮನೆಯ ಟ್ರಂಕಿನಲ್ಲಿ ಹುಡುಕಿ.

ನೀವು ಹೇಳಿದ ಎರಡು ಘಟನೆಗಳಿಗೆ ಬರೋಣ. ವೀನಸ್ ಸರ್ಕಸ್ ಬೆಂಕಿ ಬೆಂಗಳೂರಿನಲ್ಲಿ ನಡೆದದ್ದು 7-2-1981ರಂದು. ಸತ್ತವರು 92 ಜನ, ಹೆಚ್ಚಿನವರು ಮಕ್ಕಳು. ಆ ದಿನ ನಿಮ್ಮ ಮಾವನವರು ಬೆಂಗಳೂರಿನಲ್ಲಿ ತರಬೇತಿಯಲ್ಲಿದ್ದರೋ, ಮುಗಿಸಿ ಹಾಸನಕ್ಕೆ ಬಂದಾಗಿತ್ತೋ ಅನ್ನುವುದನ್ನು ತರಬೇತಿ ಪ್ರಮಾಣಪತ್ರ ಹೇಳುತ್ತದೆ. ಹಾಸನಕ್ಕೆ ಬಂದಾಗಿದ್ದರೆ ಆ ಸಾಲು ಬಿಡಿ. ಬೆಂಗಳೂರಿನಲ್ಲೇ ಇದ್ದರು ಅಂತಾದರೂ ಸ್ಥಳಕ್ಕೆ ಹೋಗಿದ್ದರು ಅನ್ನಲು ಜೊತೆಯಲ್ಲಿದ್ದ ಒಬ್ಬರ ಮಾತಾದರೂ ಬೇಕು. ಪ್ರೀಮಿಯರ್ ಸ್ಟುಡಿಯೋ ದುರಂತ 8-2-1989, ಮೈಸೂರು. ಟಿಪ್ಪು ಧಾರಾವಾಹಿಯ ಚಿತ್ರೀಕರಣದ ಸೆಟ್ಟು. ಆಗ ಮೈಸೂರಿನಲ್ಲಿ ಇದ್ದವರು, ಆದ್ದರಿಂದ ಹೋಗಿರುವ ಸಾಧ್ಯತೆ ಹೆಚ್ಚು. ಆದರೂ ಅವತ್ತು ರಜೆಯಲ್ಲಿದ್ದರಾ ಅಂತ ರಜೆ ಲೆಕ್ಕ ನೋಡಿ. ಗಳಿಕೆ ರಜೆ ಎಸ್.ಆರ್.ನಲ್ಲಿ ಸಿಗುತ್ತದೆ, ಸಾಂದರ್ಭಿಕ ರಜೆ ಅದರಲ್ಲಿ ಬರುವುದಿಲ್ಲ.

ತರಬೇತಿ ಸಂಸ್ಥೆಯ ಹೆಸರು ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಈಗ ಎಲ್ಲರ ಬಾಯಲ್ಲಿರುವ ಆರ್.ಎ. ಮುಂಡ್ಕೂರ್ ಅಕಾಡೆಮಿ ಅನ್ನುವ ಹೆಸರನ್ನು 1980ಕ್ಕೆ ಅಂಟಿಸಬೇಡಿ.

ಪದಕ: ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಹೆಸರೋ ಸಂಖ್ಯೆಯೋ ಕೆತ್ತಿರಬಹುದು. ರಾಷ್ಟ್ರಪತಿ ಪದಕ, ಅಗ್ನಿಶಾಮಕ ಸೇವಾ ಪದಕ, ಮುಖ್ಯಮಂತ್ರಿಗಳ ಪದಕ ಮೂರೂ ಬೇರೆ ಬೇರೆ. ಕೇಂದ್ರದ ಪದಕಗಳನ್ನು ಪ್ರಕಟಿಸುವುದು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ, ಹಾಗಾಗಿ ಆ ದಿನಗಳ ಹಳೇ ಪೇಪರ್‌ಗಳಲ್ಲಿ ಪಟ್ಟಿ ಸಿಗುತ್ತದೆ. 2024ರಿಂದ ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ ದಳಗಳ ಬೇರೆ ಬೇರೆ ಕೇಂದ್ರ ಪದಕಗಳನ್ನು ಒಗ್ಗೂಡಿಸಿ ನಾಲ್ಕೇ ಹೆಸರು ಮಾಡಿದ್ದಾರೆ. ನಿಮ್ಮ ಮಾವನವರದಕ್ಕೆ ಹಳೇ ಹೆಸರೇ ಸರಿ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರದ ಅಂಚು ಸವೆಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೀವು ಕೇಳದಿದ್ದರೂ ಒಂದು ಮಾತು. ಅತ್ತೆಯವರ ಕುಟುಂಬ ಪಿಂಚಣಿ ಶುರುವಾಗಿದೆ ತಾನೇ? ಅವರ ಹೆಸರು ಪಿ.ಪಿ.ಓ.ದಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಈಗಲೇ ಸರಿಮಾಡಿಸಿ. ಮಾವನವರು ತೀರಿಕೊಂಡ ನಂತರದ ತಿಂಗಳುಗಳ ಪಿಂಚಣಿ ಅವರ ಖಾತೆಗೆ ಜಮಾ ಆಗಿದ್ದರೆ ಅದು ವಾಪಸ್ ಹೋಗಬೇಕಾದ ಹಣ, ಎಟಿಎಂನಲ್ಲಿ ತೆಗೆದಿದ್ದರೆ ವಸೂಲಿ ಬರುತ್ತದೆ. ಪ್ರತಿ ನವೆಂಬರ್‌ನಲ್ಲಿ ಅತ್ತೆಯವರು ಜೀವಿತ ಪ್ರಮಾಣಪತ್ರ ಕೊಡಬೇಕು.

ಕರಡು_ತಿದ್ದುವವಳು ಉತ್ತರ:

ಮೇಲಿನ ಇಬ್ಬರೂ ಠಾಣೆಯ ಕಡೆ ಹೇಳಿದ್ದಾರೆ. ಮನೆಯ ಕಡೆ ಉಳಿದಿದೆ. ಇಂಥ ಪುಸ್ತಿಕೆಗಳಲ್ಲಿ ಅದು "ಆದರ್ಶ ಪತಿ, ಮಮತೆಯ ತಂದೆ" ಅನ್ನುವ ಎರಡು ಶಬ್ದಕ್ಕೆ ಮುಗಿದುಹೋಗುತ್ತದೆ.

ಒಂದು ದೊಡ್ಡ ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಎಸ್.ಆರ್.ನಿಂದ ವರ್ಗಾವಣೆ, ಬಡ್ತಿ, ಗಳಿಕೆ ರಜೆಯ ತಾರೀಕು. ಬಲಕ್ಕೆ ಮನೆಯವು: ಮದುವೆ, ಒಬ್ಬೊಬ್ಬ ಮಕ್ಕಳು ಹುಟ್ಟಿದ್ದು, ಶಾಲೆ ಬದಲಿಸಿದ್ದು, ಕಾಲೇಜು ಸೇರಿದ್ದು, ಸೈಟು ಕೊಂಡಿದ್ದು, ಹೆಣ್ಣುಮಕ್ಕಳ ಮದುವೆ. ಎರಡನ್ನೂ ವರ್ಷದ ಪ್ರಕಾರ ಎದುರುಬದುರು ಬರೆಯಿರಿ. ರಜೆ ಯಾವಾಗ ಹಾಕಿದರು ಅಂತ ನೋಡಿದರೆ ಯಾರಿಗೋಸ್ಕರ ಹಾಕಿದರು ಅಂತ ಗೊತ್ತಾಗುತ್ತದೆ. ಹಾಗೆಯೇ ಜಿ.ಪಿ.ಎಫ್. (ಭವಿಷ್ಯ ನಿಧಿ) ಪಾಸ್‌ಬುಕ್ಕು, ಕೆ.ಜಿ.ಐ.ಡಿ. (ಸರ್ಕಾರಿ ವಿಮಾ ಇಲಾಖೆ) ಸಾಲದ ಕಾಗದ, ಹಬ್ಬದ ಮುಂಗಡ. ಮಗಳ ಡಿಪ್ಲೊಮಾ ಫೀಜು ಕಟ್ಟುವ ತಿಂಗಳೇ ಜಿ.ಪಿ.ಎಫ್.ನಿಂದ ಹಣ ತೆಗೆದಿದ್ದರೆ ಆ ಎರಡು ತಾರೀಕುಗಳು ಒಂದು ಪುಟದ ಹೊಗಳಿಕೆಗಿಂತ ಹೆಚ್ಚು ಹೇಳುತ್ತವೆ. ಮೊತ್ತ ಮಾತ್ರ ಅಚ್ಚು ಹಾಕಬೇಡಿ. ಸಾಲದ ವಿಷಯ ಬರೆಯಲೇಬೇಕಾ ಅನ್ನುವುದನ್ನು ಅತ್ತೆಯವರಿಗೆ ಬಿಡಿ.

ಇವರು ಮನೆಯಲ್ಲಿ ಇಲ್ಲದ ದಿನಗಳನ್ನೂ ಬರೆಯಿರಿ. ದೀಪಾವಳಿ ಅಂದರೆ ಪಟಾಕಿ, ಪಟಾಕಿ ಅಂದರೆ ಠಾಣೆಯಲ್ಲಿ ಎಲ್ಲರೂ ಸಜ್ಜಾಗಿರಬೇಕು. ಹಬ್ಬಕ್ಕೆ ರಜೆ ಸಿಗುವುದು ಅಪರೂಪ. ಬೇಸಿಗೆ ರಜೆಯಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗುವ ಕಾಲವೇ ಬಣವೆಗಳು, ಕಾಡಿನ ಅಂಚು ಹೊತ್ತಿಕೊಳ್ಳುವ ಕಾಲ. ಆಗ ಮನೆಯಲ್ಲಿ ಏನು ಮಾಡುತ್ತಿದ್ದಿರಿ, ಯಾರು ಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದರು, ಹಬ್ಬದ ಅಡುಗೆ ಠಾಣೆಗೆ ಹೋಗುತ್ತಿತ್ತಾ ಅಂತ ಅತ್ತೆಯವರನ್ನು ಕೇಳಿ. ಕ್ವಾರ್ಟರ್ಸ್‌ನಲ್ಲಿದ್ದರೆ ಬೆಲ್ಲು ಮನೆಗೇ ಕೇಳಿಸುತ್ತಿತ್ತಾ? ಊಟಕ್ಕೆ ಕೂತಾಗ ಕೇಳಿಸಿದರೆ? ಇದರ ಉತ್ತರಗಳಲ್ಲೇ ಅರ್ಧ ಪುಸ್ತಿಕೆ ಇದೆ, ಮತ್ತು ಅದು ಅವರಿಬ್ಬರ ಕಥೆಯಾಗುತ್ತದೆ.

ಹೀಗೆ ಕೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಫ್ಯಾನು ಆಫ್ ಮಾಡಿ, ಫೋನನ್ನು ಮೇಜಿನ ಮೇಲೆ ಬರಿದೇ ಇಡದೆ ಮಡಿಸಿದ ಟವೆಲಿನ ಮೇಲೆ ಇಡಿ. ಪ್ರಶ್ನೆಪಟ್ಟಿಗಿಂತ ಒಂದು ವಸ್ತು ಕೈಗೆ ಕೊಡುವುದು ಒಳ್ಳೆಯದು: ಅವರ ಬೆಲ್ಟು, ಟಿಫನ್ ಕ್ಯಾರಿಯರ್, ಗ್ರೂಪ್ ಫೋಟೋ. ಬರೆದುಕೊಳ್ಳುವಾಗ ಅವರ ಮಾತಿನ ಧಾಟಿ ಬದಲಿಸಬೇಡಿ. "ನನ್ನ ಪತಿಯವರು ಕರ್ತವ್ಯನಿಷ್ಠರಾಗಿದ್ದರು" ಅಂತ ಅತ್ತೆಯವರು ಖಂಡಿತ ಹೇಳಿರುವುದಿಲ್ಲ.

ಪಂಪ್_ಡ್ರಿಲ್ ಸರ್ ಘಟನೆಗಳನ್ನು ವಿವರವಾಗಿ ಕೇಳಿ ಅಂದರು. ಕೇಳಿ, ಆದರೆ ಎಲ್ಲವನ್ನೂ ಅಚ್ಚು ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಬಾವಿಯಿಂದ ಎತ್ತಿದ್ದು ಹೆಣವಾಗಿದ್ದರೆ ಊರಿನ ಹೆಸರು, ಸತ್ತವರ ಹೆಸರು, ದೇಹದ ಸ್ಥಿತಿ ಯಾವುದೂ ಬೇಡ. ಹಾಸನ ದೊಡ್ಡ ಊರೇನಲ್ಲ, ಆ ಮನೆಯವರ ಕೈಗೂ ಪುಸ್ತಿಕೆ ಹೋಗುತ್ತದೆ.

ಪೇಪರಿನ ಶ್ರದ್ಧಾಂಜಲಿಗೆ 40 ಪದ ಸಾಕು. ಜಾಹೀರಾತಿನ ದರ ಚದರ ಸೆಂಟಿಮೀಟರ್ ಲೆಕ್ಕ, 8 ಸೆಂ.ಮೀ. ಅಗಲ 10 ಸೆಂ.ಮೀ. ಎತ್ತರ ಅಂದರೆ 80. ಹಾಸನ ಆವೃತ್ತಿ ಒಂದಕ್ಕೇ ಕೊಟ್ಟರೆ ಖರ್ಚು ಎಷ್ಟೋ ಕಡಿಮೆ. ಎರಡು ದಿನ ಮುಂಚೆ ಕೊಡಿ, ಮರಣ ಪ್ರಮಾಣಪತ್ರದ ನಕಲು ಮತ್ತು ಕೊಡುವವರ ಗುರುತಿನ ಚೀಟಿ ಕೇಳಬಹುದು. ಒಕ್ಕಣೆ ಹೀಗಿರಬಹುದು:

"ಪ್ರಥಮ ವರ್ಷದ ಪುಣ್ಯಸ್ಮರಣೆ. ಶ್ರೀ ______, ನಿವೃತ್ತ ಪ್ರಮುಖ ಅಗ್ನಿಶಾಮಕರು. ಹಾಸನ, ಮೈಸೂರು, ಸಕಲೇಶಪುರ ಠಾಣೆಗಳಲ್ಲಿ 1980ರಿಂದ 2015ರವರೆಗೆ ಸೇವೆ. ನೀವು ಕಲಿಸಿದ ಎಚ್ಚರದಲ್ಲಿ ನಮ್ಮ ಮನೆ ನಡೆಯುತ್ತಿದೆ. ಪತ್ನಿ, ಮಕ್ಕಳು, ಅಳಿಯಂದಿರು, ಸೊಸೆ, ಮೊಮ್ಮಕ್ಕಳು, ಸಹೋದ್ಯೋಗಿಗಳು. ಸ್ಥಳ, ಸಮಯ ______."

"ದೈವಾಧೀನ", "ಲಿಂಗೈಕ್ಯ", "ವೈಕುಂಠವಾಸಿ" ಇವುಗಳಲ್ಲಿ ನಿಮ್ಮ ಮನೆಯ ಪದ್ಧತಿಗೆ ಯಾವುದೋ ಅದು. ಪ್ರೆಸ್ಸಿನವರು ಹಳೇ ಮಾದರಿ ತೆರೆದು ಹೆಸರು ಮಾತ್ರ ಬದಲಿಸುತ್ತಾರೆ, ಬೇರೆಯವರ ಪದ ಉಳಿದುಬಿಡುತ್ತದೆ, ನೋಡಿಕೊಳ್ಳಿ.

ಹಾಸನದ_ಅಳಿಯ:

ತುಂಬಾ ಉಪಕಾರವಾಯಿತು. ಟ್ರಂಕಿನಲ್ಲಿ ತರಬೇತಿ ಪ್ರಮಾಣಪತ್ರ ಸಿಕ್ಕಿತು. 1980ರ ಡಿಸೆಂಬರ್‌ಗೇ ತರಬೇತಿ ಮುಗಿದಿದೆ, ಜನವರಿಯಲ್ಲಿ ಹಾಸನಕ್ಕೆ ಹಾಜರಾಗಿದ್ದಾರೆ. ಸರ್ಕಸ್ ವಿಷಯ ಬಿಡುತ್ತೇವೆ, ದೊಡ್ಡ ಮಾವನಿಗೆ ಹೇಳುವುದೇ ಕಷ್ಟ. ಇನ್ನು ಅಚ್ಚಿನ ಬಗ್ಗೆ ಯಾರಾದರೂ ಹೇಳಿ. 200 ಪ್ರತಿ ಬೇಕು. ಫೋಟೋಗಳೆಲ್ಲ ಹಳೇ ಆಲ್ಬಮ್ಮಿಗೆ ಅಂಟಿಕೊಂಡಿವೆ. ಇನ್ನೊಂದು, ಏಪ್ರಿಲ್ 14ಕ್ಕೆ ಅಗ್ನಿಶಾಮಕ ದಿನ ಅಂತ ಗೊತ್ತಾಯಿತು. ಅವತ್ತೇ ಠಾಣೆಯಲ್ಲಿ ಬಿಡುಗಡೆ ಮಾಡಬಹುದಾ?

ಡೆಮಿ_ಅಷ್ಟದಳ ಉತ್ತರ:

200 ಪ್ರತಿಗೆ ಡಿಜಿಟಲ್ ಮುದ್ರಣವೇ ಸರಿ. ಆಫ್‌ಸೆಟ್ 500 ದಾಟಿದ ಮೇಲೆ ಗಿಟ್ಟುತ್ತದೆ. ಸೈಜು ಡೆಮಿ 1/8, ಅಂದರೆ ಸುಮಾರು 5.5 ಇಂಚು ಅಗಲ 8.5 ಇಂಚು ಎತ್ತರ. ಒಳಗೆ 16 ಪುಟ, ಮೇಲೆ ರಕ್ಷಾಪುಟ. ನಡುವೆ ಪಿನ್ ಹೊಡೆಯುವುದರಿಂದ ಪುಟಗಳ ಸಂಖ್ಯೆ ನಾಲ್ಕರ ಗುಣಕವಾಗಿರಲೇಬೇಕು. 18 ಪುಟ ಮಾಡಿಕೊಂಡು ಬಂದರೆ ಎರಡು ಪುಟ ಖಾಲಿ ಬಿಡಬೇಕಾಗುತ್ತದೆ. ಒಳಗೆ 100 ಜಿಎಸ್ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿತೊ ಕಾಗದ, ಹೊರಗೆ 250 ಅಥವಾ 300 ಜಿಎಸ್ಎಂ ಆರ್ಟ್ ಬೋರ್ಡ್. ವಯಸ್ಸಾದವರು ಓದುವುದರಿಂದ ಅಕ್ಷರ 13 ಪಾಯಿಂಟಿಗಿಂತ ಕಡಿಮೆ ಬೇಡ. ಹಾಗಾದರೆ ಪುಟಕ್ಕೆ 180 ಪದ ಹಿಡಿಯುತ್ತದೆ. ಐದು ಪುಟ ಫೋಟೋಗೆ ಹೋದರೆ ಬರಹ 2,000 ಪದ. ಅದಕ್ಕಿಂತ ಹೆಚ್ಚು ಬರೆದು ತಂದು "ಹೇಗಾದರೂ ಹಿಡಿಸಿ" ಅನ್ನಬೇಡಿ.

ಆಲ್ಬಮ್ಮಿನ ಫೋಟೋ ಕೀಳಬೇಡಿ. ಅಂಟು ಹಾಳೆಯ ಆಲ್ಬಮ್ ಆದರೆ ಮೇಲಿನ ಪ್ಲಾಸ್ಟಿಕ್ ಎತ್ತಿ ಪುಟವನ್ನೇ ಸ್ಕ್ಯಾನರ್ ಮೇಲೆ ಇಡಿ. ಫ್ರೇಮಿನ ಗಾಜಿಗೆ ಹಿಡಿದುಕೊಂಡಿದ್ದರೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಎಳೆದರೆ ಮುಖದ ಭಾಗವೇ ಗಾಜಿನಲ್ಲಿ ಉಳಿಯುತ್ತದೆ. ಚಿಕ್ಕ ಫೋಟೋ ದೊಡ್ಡದು ಮಾಡುವುದಿದ್ದರೆ 600 ಡಿಪಿಐ, ಅದೇ ಸೈಜಿಗೆ 300 ಸಾಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಇಲ್ಲವೇ ಪೆನ್‌ಡ್ರೈವ್ ತನ್ನಿ. ಠಾಣೆಯ ಗ್ರೂಪ್ ಫೋಟೋ ಇದ್ದರೆ ಒಂದು ಝೆರಾಕ್ಸ್ ತೆಗೆದು ಒಬ್ಬೊಬ್ಬರ ಮೇಲೆ ನಂಬರ್ ಬರೆದು ಹಳೇ ಸಹೋದ್ಯೋಗಿಯ ಮುಂದೆ ಇಡಿ. ಎಡದಿಂದ ಬಲಕ್ಕೆ ಅಂತ ಬಾಯಲ್ಲಿ ಹೇಳಿಸಿಕೊಂಡರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ತಪ್ಪುತ್ತದೆ.

ಅಕ್ಷರದ ತೊಂದರೆ ಇದಕ್ಕಿಂತ ದೊಡ್ಡದು. ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ನುಡಿಯೋ ಶ್ರೀಲಿಪಿಯೋ, ಅಂದರೆ ಯೂನಿಕೋಡ್ ಅಲ್ಲದ ಹಳೇ ಅಕ್ಷರಗಳು. ಪರಿವರ್ತನೆ ಮಾಡಿದಾಗ ಅರ್ಕಾವತ್ತು ಜಾಗ ಬಿಟ್ಟು ಹೋಗುವುದು, ಒತ್ತಕ್ಷರ ಬಿದ್ದುಹೋಗುವುದು ಮಾಮೂಲು. "ಫೈರ್‌ಮನ್" ಅಂತ ನೀವು ಬಿಡಿಸಿ ಬರೆದದ್ದು "ಫೈರ್ಮನ್" ಆಗಿ ಕೂಡಿಕೊಳ್ಳುತ್ತದೆ, "ಕ್ವಾರ್ಟರ್ಸ್‌ನಲ್ಲಿ" ಅನ್ನುವುದು ಗುರುತೇ ಸಿಗುವುದಿಲ್ಲ. ಮೊದಲೇ ಕೇಳಿ, ಯೂನಿಕೋಡಿನಲ್ಲೇ ಪುಟ ಮಾಡುವ ಪ್ರೆಸ್ಸಿಗೆ ಕೊಡಿ. ಕರಡನ್ನು ಫೋನ್ ಪರದೆಯಲ್ಲಿ ನೋಡಿ ಒಪ್ಪಬೇಡಿ. ಕಾಗದದ ಮೇಲೆ ತೆಗೆಸಿ, ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ಹಿಡಿದು ನೋಡಲಿ. ಹೆಸರು ಮತ್ತು ಇಸವಿಗಳನ್ನು ಬೇರೆಯಾಗಿ ಇನ್ನೊಂದು ಸುತ್ತು. ಎಲ್ಲ ಸೇರಿ ಮೂರು ವಾರ ಇಟ್ಟುಕೊಳ್ಳಿ. ಮಾರ್ಚ್ ಕೊನೆಯಲ್ಲಿ ಪ್ರೆಸ್‌ಗಳೆಲ್ಲ ಸರ್ಕಾರಿ ಬಿಲ್ಲಿನ ಕೆಲಸದಲ್ಲಿರುತ್ತವೆ, ಮದುವೆ ಕಾರ್ಡು ಬೇರೆ.

ಪಂಪ್_ಡ್ರಿಲ್:

14ರ ವಿಷಯ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡಿತು. ಹತ್ತಿ ಮತ್ತು ಸ್ಫೋಟಕ ಒಂದೇ ಹಡಗಿನಲ್ಲಿ ತುಂಬಿದ್ದರು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಆ ದಿನ, 20ರವರೆಗೆ ಸಪ್ತಾಹ. 14ರ ಬೆಳಿಗ್ಗೆ ಠಾಣೆಯಲ್ಲಿ ಪುಷ್ಪಗುಚ್ಛ ಇಡುವುದು ಕರ್ತವ್ಯದಲ್ಲಿ ಮಡಿದವರಿಗೆ ಮಾತ್ರ. ಅದರೊಳಗೆ ಖಾಸಗಿ ಕಾರ್ಯಕ್ರಮ ಸೇರಿಸಿ ಅಂತ ಕೇಳುವುದು ಚೆನ್ನಾಗಿರುವುದಿಲ್ಲ. ಅವತ್ತೇ ಅಂಬೇಡ್ಕರ್ ಜಯಂತಿ ಕೂಡ, ಅಧಿಕಾರಿಗಳು ಜಿಲ್ಲಾಡಳಿತದ ಸಮಾರಂಭಕ್ಕೆ ಹೋಗಿರುತ್ತಾರೆ.

15ರಿಂದ 20ರೊಳಗೆ ಒಂದು ದಿನ ಆರಿಸಿ. ಸಪ್ತಾಹದಲ್ಲಿ ಶಾಲೆ, ಅಪಾರ್ಟ್‌ಮೆಂಟ್ ಅಂತ ಪ್ರಾತ್ಯಕ್ಷಿಕೆಗೆ ಗಾಡಿಗಳು ಹೋಗುತ್ತಿರುತ್ತವೆ, ಹಾಗಾಗಿ ಸಂಜೆ ಹೊತ್ತು ವಾಸಿ. ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳಿಗೆ ಒಂದು ತಿಂಗಳು ಮುಂಚೆ ಪತ್ರ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಗಾಡಿ, ಸೈರನ್ ಕೇಳಬೇಡಿ. ಕುರ್ಚಿಗಳನ್ನು ಗ್ಯಾರೇಜ್ ಬಾಗಿಲಿಗೆ ಅಡ್ಡ ಹಾಕಬೇಡಿ. ಕಾರ್ಯಕ್ರಮದ ನಡುವೆ ಕರೆ ಬಂದರೆ ಅರ್ಧಕ್ಕರ್ಧ ಜನ ಎದ್ದು ಹೋಗುತ್ತಾರೆ, ಅದನ್ನು ಲೆಕ್ಕಕ್ಕಿಟ್ಟುಕೊಂಡು ಭಾಷಣ ಒಂದಕ್ಕೆ ನಿಲ್ಲಿಸಿ. ಠಾಣೆಗೆ ಪುಸ್ತಿಕೆಯ 20 ಪ್ರತಿ ಬಿಟ್ಟು ಬನ್ನಿ. ಬೇರೆ ಠಾಣೆಗೆ ವರ್ಗವಾಗಿ ಹೋದವರೂ ಬಂದಾಗ ಕೇಳುತ್ತಾರೆ.

ದೊಡ್ಡ ಮಾವನವರಿಗೆ ಪ್ರಮಾಣಪತ್ರದ ತಾರೀಕು ತೋರಿಸಿ ಸಾಕು, ವಾದ ಬೇಡ. ಬೇಕಾದರೆ ಆ ಜಾಗಕ್ಕೆ ಮೈಸೂರಿನ ಐದು ವರ್ಷಗಳ ಬಗ್ಗೆ ಅವರಿಂದಲೇ ಒಂದು ಪುಟ ಬರೆಸಿ.